ಎಂಟು ಮೈಲಿಯ ಜಿದ್ದು

ಅಮೆರಿಕದ ಒಹಾಯೊ ರಾಜ್ಯದಲ್ಲಿ ಮ್ಯಾಸಿಲನ್ ಎಂಬ ಊರಿದೆ. ಅದರ ನಡುಮಧ್ಯೆ ಹಾದುಹೋಗುವ ಲಿಂಕನ್ ವೇ ರಸ್ತೆ ಪೂರ್ವಕ್ಕೆ ಹೋಗುತ್ತ ಹೋಗುತ್ತ ಎಲ್ಲೋ ಒಂದು ಕಡೆ ಹೆಸರು ಬದಲಿಸಿಕೊಂಡು ಟಸ್ಕರಾವಸ್ ಬೀದಿಯಾಗುತ್ತದೆ. ಅಷ್ಟರಲ್ಲಿ ನೀವು ಕ್ಯಾಂಟನ್‌ಗೆ ಬಂದಿರುತ್ತೀರಿ. ಊರಿಂದ ಊರಿಗೆ ಎಂಟು ಮೈಲಿ. ನಡುವೆ ಬೆಟ್ಟವಿಲ್ಲ, ಕಾಡಿಲ್ಲ. ಪೆಟ್ರೋಲ್ ಬಂಕು, ಟೈರ್ ಅಂಗಡಿ, ಚರ್ಚು, ಮತ್ತೆ ಪೆಟ್ರೋಲ್ ಬಂಕು. ಒಂದು ಊರು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂದು ಹೊಸಬರಿಗೆ ತಿಳಿಯುವುದು ಕಷ್ಟ.

ಅಕ್ಟೋಬರ್ ಕೊನೆಗೆ ಬಂದರೆ ಮಾತ್ರ ಕಣ್ಣುಮುಚ್ಚಿ ಹೇಳಬಹುದು. ಮ್ಯಾಸಿಲನ್ ಕಡೆ ಅಂಗಡಿ ಗಾಜು, ಮನೆ ಜಗಲಿ, ಕಾರಿನ ಕಿಟಕಿ, ಅಜ್ಜಿಯರ ಉಲ್ಲನ್ ಟೋಪಿ ಎಲ್ಲವೂ ಕಿತ್ತಳೆ ಮತ್ತು ಕಪ್ಪು. ಕ್ಯಾಂಟನ್ ಕಡೆ ಕೆಂಪು ಮತ್ತು ಕಪ್ಪು. ಕಪ್ಪೊಂದು ಇಬ್ಬರಿಗೂ ಸಮಪಾಲು. ಮೇಪಲ್ ಮರಗಳು ಎಲೆ ಉದುರಿಸುವ ಕಾಲ, ಮೂಗು ಕೆಂಪಾಗುವಷ್ಟು ಚಳಿ. ಅಮೆರಿಕದ ಶಾಲೆಗಳು ಫುಟ್‌ಬಾಲ್ ಆಡುವುದು ಸಾಮಾನ್ಯವಾಗಿ ಶುಕ್ರವಾರ ರಾತ್ರಿ, ದೀಪದ ಬೆಳಕಿನಲ್ಲಿ. ಈ ಎರಡು ಊರಿನ ಪಂದ್ಯ ಶನಿವಾರ ಮಧ್ಯಾಹ್ನ, ಹಾಡುಹಗಲಲ್ಲಿ. ಬೇರೆ ಯಾರ ಆಟಕ್ಕೂ ಹೋಗುವ ನೆಪ ಯಾರಿಗೂ ಸಿಗಬಾರದು ಎಂಬಂತೆ.

ಆಡುವವರು ಹೈಸ್ಕೂಲ್ ಹುಡುಗರು. ಮೀಸೆ ಚಿಗುರುತ್ತಿರುವ, ಸೋಮವಾರ ಗಣಿತದ ಪರೀಕ್ಷೆ ಬರೆಯಬೇಕಾದ ಹುಡುಗರು. ನೋಡುವವರು ಹದಿನೈದು, ಇಪ್ಪತ್ತು ಸಾವಿರ ಜನ. ಮ್ಯಾಸಿಲನ್ನಿನ ಒಟ್ಟು ಜನಸಂಖ್ಯೆ ಮೂವತ್ತೆರಡು ಸಾವಿರ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಮ್ಯಾಸಿಲನ್ನಿನ ವಾಷಿಂಗ್ಟನ್ ಹೈಸ್ಕೂಲಿನವರು ಟೈಗರ್ಸ್, ಕ್ಯಾಂಟನ್ನಿನ ಮೆಕಿನ್ಲಿ ಹೈಸ್ಕೂಲಿನವರು ಬುಲ್‌ಡಾಗ್ಸ್. 1894ರಿಂದ ಇವರು 130ಕ್ಕೂ ಹೆಚ್ಚು ಸಲ ಎದುರುಬದುರಾಗಿದ್ದಾರೆ.

ಇದು ನಮ್ಮ ಕಾಲ್ಚೆಂಡಲ್ಲ ಎಂದು ಮೊದಲೇ ಹೇಳಿಬಿಡಬೇಕು. ಚೆಂಡು ಎರಡು ತುದಿ ಚೂಪಾದ ಮೊಟ್ಟೆಯಾಕಾರದ್ದು, ಹಿಡಿದು ಓಡುವುದು ಕೈಯಲ್ಲಿ. ಕಡೆಗೆ ಹನ್ನೊಂದು ಜನ, ನಾಲ್ಕು ಯತ್ನದೊಳಗೆ ಹತ್ತು ಗಜ ಮುಂದೆ ಸರಿಯಬೇಕು, ಇಲ್ಲವಾದರೆ ಚೆಂಡು ಎದುರಾಳಿಗೆ. ಕೊನೆಯ ಗೆರೆ ದಾಟಿಸಿದರೆ ಟಚ್‌ಡೌನ್, ಆರು ಅಂಕ. ಆಮೇಲೆ ಒದ್ದು ಕಂಬಗಳ ನಡುವೆ ಹಾಯಿಸಿದರೆ ಇನ್ನೊಂದು. ಇಷ್ಟು ಗೊತ್ತಿದ್ದರೆ ಸಾಕು. ಉಳಿದದ್ದು ಜಿದ್ದು, ಅದಕ್ಕೆ ನಿಯಮ ಪುಸ್ತಕ ಬೇಡ.

1894 ಅಮೆರಿಕಕ್ಕೆ ಸುಭಿಕ್ಷದ ವರ್ಷವೇನಲ್ಲ. ಹಿಂದಿನ ವರ್ಷವಷ್ಟೇ ಬ್ಯಾಂಕುಗಳು ಬಾಗಿಲು ಹಾಕಿ, ಲಕ್ಷಾಂತರ ಜನ ಕೆಲಸ ಕಳೆದುಕೊಂಡಿದ್ದರು. ಆ ಮಾರ್ಚಿನಲ್ಲಿ ಮ್ಯಾಸಿಲನ್ನಿನ ಕಲ್ಲುಗಣಿ ಮಾಲೀಕ ಜೇಕಬ್ ಕಾಕ್ಸಿ ನಿರುದ್ಯೋಗಿಗಳನ್ನು ಕಟ್ಟಿಕೊಂಡು, ರಸ್ತೆ ಮಾಡಿಸಿ, ಕೂಲಿ ಕೊಡಿ ಎಂದು ಕೇಳಲು ರಾಜಧಾನಿ ವಾಷಿಂಗ್ಟನ್‌ವರೆಗೆ ಮೆರವಣಿಗೆ ಹೊರಟ. ಆ ಮೆರವಣಿಗೆಯ ಮೊದಲ ದಿನಗಳ ದಾರಿಯಲ್ಲೇ ಕ್ಯಾಂಟನ್ ಇತ್ತು. ಕ್ಯಾಂಟನ್ನಿನ ದೊಡ್ಡ ಮನುಷ್ಯ ಆಗ ವಿಲಿಯಂ ಮೆಕಿನ್ಲಿ, ರಾಜ್ಯದ ಗವರ್ನರ್. ಎರಡು ವರ್ಷದ ಮೇಲೆ ತನ್ನ ಮನೆಯ ಮುಂದಿನ ಜಗಲಿಯಿಂದ ಕದಲದೆ ಭಾಷಣ ಮಾಡಿಯೇ ಅಧ್ಯಕ್ಷನಾದವನು. ಒಂದೂರಿನವನು ಸರ್ಕಾರದ ಬಾಗಿಲು ತಟ್ಟಲು ಮೆರವಣಿಗೆ ಹೋದ, ಇನ್ನೊಂದೂರಿನವನು ಜಗಲಿಯಲ್ಲಿ ಕೂತೇ ಸರ್ಕಾರವಾದ. ಎರಡೂ ಶಾಲೆಗಳ ಹುಡುಗರು ಮೊದಲ ಸಲ ಆಡಿದ್ದು ಆ 1894ರಲ್ಲೇ. ಗೆದ್ದದ್ದು ಕ್ಯಾಂಟನ್. ಬಹಳ ಜನ ಗಮನಿಸಿರಲಾರರು.

ಜಿದ್ದಿಗೆ ಬೆಂಕಿ ಹಚ್ಚಿದವರು ಹುಡುಗರಲ್ಲ, ದೊಡ್ಡವರು. 1903ರಲ್ಲಿ ಮ್ಯಾಸಿಲನ್ನಿನವರು ದುಡ್ಡು ಕೊಟ್ಟು ಆಡಿಸುವ ತಂಡ ಕಟ್ಟಿದರು. ಅಂಗಿ ಕೊಳ್ಳಲು ಹೋದಾಗ ಅಂಗಡಿಯಲ್ಲಿ ಸಿಕ್ಕಿದ್ದು ಪಟ್ಟೆಪಟ್ಟೆಯ ಜರ್ಸಿಗಳು, ಅದರಿಂದಲೇ ಟೈಗರ್ಸ್ ಎಂಬ ಹೆಸರು ಬಂತು ಎಂಬುದು ಊರಿನ ಕಥೆ. ನೆರೆಯವರ ಮನೆಗೆ ಹುಲಿ ಬಂದ ಮೇಲೆ ಕ್ಯಾಂಟನ್ ಸುಮ್ಮನಿರುತ್ತದೆಯೇ? ಅಲ್ಲೂ ತಂಡ ಹುಟ್ಟಿತು, ಬುಲ್‌ಡಾಗ್ಸ್ ಆಯಿತು. ಒಬ್ಬರ ಆಟಗಾರರನ್ನು ಇನ್ನೊಬ್ಬರು ಹಣ ಚೆಲ್ಲಿ ಎಳೆದುಕೊಳ್ಳತೊಡಗಿದರು. 1906ರ ನವೆಂಬರಿನಲ್ಲಿ ಎರಡು ಪಂದ್ಯ ನಡೆದು, ಒಂದನ್ನು ಕ್ಯಾಂಟನ್, ಇನ್ನೊಂದನ್ನು ಮ್ಯಾಸಿಲನ್ ಗೆದ್ದ ಮೇಲೆ, ಕ್ಯಾಂಟನ್ನಿನ ಕೋಚ್ ಬ್ಲಾಂಡಿ ವ್ಯಾಲೆಸ್ ಬಾಜಿಯ ಹಣಕ್ಕಾಗಿ ಆಟವನ್ನೇ ಮಾರಲು ಹೊರಟಿದ್ದ ಎಂದು ಮ್ಯಾಸಿಲನ್ನಿನ ಪತ್ರಿಕೆ ಬರೆಯಿತು. ಆತ ಮಾನನಷ್ಟ ಮೊಕದ್ದಮೆ ಹೂಡಿದ, ಕೊನೆಗೆ ಅದು ಕೋರ್ಟಿನ ಹೊರಗೆ ರಾಜಿಯಾಯಿತು. ಜನರ ನಂಬಿಕೆ ಮಾತ್ರ ರಾಜಿಗೆ ಬರಲಿಲ್ಲ. ಕೆಲವು ವರ್ಷ ದುಡ್ಡಿನ ಫುಟ್‌ಬಾಲ್ ಆ ಸೀಮೆಯಲ್ಲಿ ನೆಲಕಚ್ಚಿತು.

ಮತ್ತೆ ಎದ್ದದ್ದು 1915ರಲ್ಲಿ. ಕ್ಯಾಂಟನ್ನಿನ ಮ್ಯಾನೇಜರ್ ಜ್ಯಾಕ್ ಕುಸಾಕ್ ಜಿಮ್ ಥಾರ್ಪ್‌ನನ್ನು ಕರೆತಂದ. ಸ್ಟಾಕ್‌ಹೋಮ್ ಒಲಿಂಪಿಕ್ಸಿನಲ್ಲಿ ಎರಡು ಚಿನ್ನ ಗೆದ್ದು, ಆಮೇಲೆ ಅವನ್ನು ಕಳೆದುಕೊಂಡಿದ್ದ ಮೂಲನಿವಾಸಿ ವೀರ. ಪಂದ್ಯಕ್ಕೆ 250 ಡಾಲರ್. ಆಗ ಅದು ಕಣ್ಣರಳಿಸುವ ಮೊತ್ತ. ಮ್ಯಾಸಿಲನ್ ಕಡೆ, ಮುಂದೆ ಕೋಚ್ ಆಗಿ ದೇಶಕ್ಕೇ ಹೆಸರಾದ ನ್ಯೂಟ್ ರಾಕ್ನಿ. ಮೊದಲ ಪಂದ್ಯ ಮ್ಯಾಸಿಲನ್‌ಗೆ. ಎರಡನೆಯದು ಕ್ಯಾಂಟನ್ನಿನಲ್ಲಿ. ಟಿಕೆಟ್ ಎಷ್ಟು ಮಾರಿದ್ದರೆಂದರೆ ಗ್ಯಾಲರಿ ತುಂಬಿ, ಜನ ಅಂಕಣದ ಎರಡು ತುದಿಯಲ್ಲೂ ಗೆರೆಯ ಆಚೆ ಗುಂಪುಗೂಡಿ ನಿಂತರು. ಆಟಗಾರ ಗುಂಪಿನೊಳಗೆ ನುಗ್ಗಿದರೆ, ಹೊರಬರುವಾಗ ಚೆಂಡು ಕೈಯಲ್ಲಿರಬೇಕು, ಆಗಷ್ಟೇ ಅಂಕ ಎಂದು ಅವತ್ತಿನ ಮಟ್ಟಿಗೊಂದು ನಿಯಮ ಮಾಡಿಕೊಂಡರು.

ಥಾರ್ಪ್ ಆಟದ ನಡುವೆಯೇ ಎರಡು ಸಲ ಕಂಬಗಳ ನಡುವೆ ಒದ್ದು, ಸಲಕ್ಕೆ ಮೂರರಂತೆ ಕ್ಯಾಂಟನ್‌ಗೆ ಆರು ಅಂಕ ತಂದ. ಆಟ ಮುಗಿಯಲು ಕೆಲವೇ ನಿಮಿಷವಿದ್ದಾಗ ಮ್ಯಾಸಿಲನ್ನಿನ ಬ್ರಿಗ್ಸ್ ಚೆಂಡು ಹಿಡಿದು ಗೆರೆ ದಾಟಿ ಜನರ ನಡುವೆ ಮಾಯವಾದ. ಮರುಕ್ಷಣ ಚೆಂಡು ಮಾತ್ರ ಹೊರಗೆ ಉರುಳಿ ಬಂತು, ಕ್ಯಾಂಟನ್ ಆಟಗಾರ ಅದರ ಮೇಲೆ ಬಿದ್ದ. ಬ್ರಿಗ್ಸ್ ಕೂಗಾಡಿದ: ಪೊಲೀಸಿನವನೊಬ್ಬ ಚೆಂಡನ್ನು ಒದ್ದು ಕೈಯಿಂದ ಬೀಳಿಸಿದ, ಅವನ ಕೋಟಿನ ಹಿತ್ತಾಳೆ ಗುಂಡಿಗಳನ್ನು ನನ್ನ ಕಣ್ಣಾರೆ ಕಂಡೆ! ಕ್ಯಾಂಟನ್ನಿನವರಿಗೆ ಉತ್ತರ ಸಿದ್ಧವಿತ್ತು: ನಮ್ಮೂರಲ್ಲಿ ಸಮವಸ್ತ್ರದ ಪೊಲೀಸರೇ ಇಲ್ಲವಲ್ಲ! ಜನ ಅಂಕಣಕ್ಕೆ ನುಗ್ಗಿ ಆಟ ನಿಂತಿತು. ತೀರ್ಪನ್ನು ಲಕೋಟೆಯಲ್ಲಿಟ್ಟು ಮೊಹರು ಮಾಡಿ, ನಡುರಾತ್ರಿ ಕಳೆದು ಅರ್ಧ ಗಂಟೆಯಾದ ಮೇಲೆ ಕೋರ್ಟ್‌ಲ್ಯಾಂಡ್ ಹೋಟೆಲಿನಲ್ಲಿ ಓದುವುದೆಂದು ಅಂಪೈರುಗಳು ಒಪ್ಪಿದರು. ಅಷ್ಟು ಹೊತ್ತಿಗಾದರೂ ತಾವು ಊರು ಬಿಟ್ಟಿರಬಹುದು ಎಂಬ ಲೆಕ್ಕಾಚಾರ ಇದ್ದರೂ ಇರಬಹುದು. ತೀರ್ಪು ಕ್ಯಾಂಟನ್ ಪರ. ಬಾಜಿ ಕಟ್ಟಿದವರ ಹಣವನ್ನು ಅಷ್ಟರವರೆಗೂ ತಡೆಹಿಡಿದಿದ್ದರು.

ಹಿತ್ತಾಳೆ ಗುಂಡಿಯ ಗುಟ್ಟು ರಟ್ಟಾದದ್ದು ವರ್ಷಗಳ ಮೇಲೆ. ಕುಸಾಕ್ ಬರೆದಿಟ್ಟ ಪ್ರಕಾರ, ಒದ್ದವನು ಟ್ರಾಮ್ ಕಂಡಕ್ಟರ್. ಅವನ ಕೋಟಿಗೂ ಹಿತ್ತಾಳೆ ಗುಂಡಿಗಳಿದ್ದವು, ಅವನೂ ಕ್ಯಾಂಟನ್ ಮೇಲೆ ಬಾಜಿ ಕಟ್ಟಿದ್ದ, ಅವನ ಸಂಬಳಕ್ಕೆ ಆ ಹಣ ಕಳೆದುಕೊಳ್ಳುವುದು ಆಗದ ಮಾತಾಗಿತ್ತು. ಕುಸಾಕ್‌ನ ಕಥೆಯಲ್ಲಿ ಉಪ್ಪುಖಾರ ಎಷ್ಟು ಬೆರೆತಿದೆಯೋ ತಿಳಿಯದು. ಆದರೂ ಈ ಜಿದ್ದಿನ ಇತಿಹಾಸದಲ್ಲಿ ನನಗೆ ಅತ್ಯಂತ ಪ್ರಿಯನಾದ ವ್ಯಕ್ತಿ ಆ ಹೆಸರಿಲ್ಲದ ಕಂಡಕ್ಟರ್. ಥಾರ್ಪ್‌ನ ಎರಡು ಒದೆತ ದಾಖಲೆಯಲ್ಲಿದೆ, ಗೆಲುವು ಉಳಿಸಿಕೊಟ್ಟದ್ದು ಮೂರನೆಯದು.

1920ರ ಸೆಪ್ಟೆಂಬರ್ 17ರಂದು ಕ್ಯಾಂಟನ್ನಿನಲ್ಲಿ ರಾಲ್ಫ್ ಹೇ ಎಂಬಾತನ ಕಾರಿನ ಶೋರೂಮಿನಲ್ಲಿ ದುಡ್ಡಿನ ತಂಡಗಳವರ ಸಭೆ ಸೇರಿತು. ಕುರ್ಚಿ ಸಾಲದೆ ಕೆಲವರು ಕಾರುಗಳ ಮೆಟ್ಟಿಲ ಮೇಲೇ ಕೂತಿದ್ದರು. ಇಂದು ಕೋಟಿ ಕೋಟಿ ಡಾಲರ್ ವ್ಯವಹಾರದ ನ್ಯಾಷನಲ್ ಫುಟ್‌ಬಾಲ್ ಲೀಗ್ ಹುಟ್ಟಿದ್ದು ಅಲ್ಲಿ, ಬೇರೆ ಹೆಸರಿನಲ್ಲಿ. ಈ ವರ್ಷದಿಂದ ಮ್ಯಾಸಿಲನ್ ತಂಡ ಇಲ್ಲ ಎಂದು ಹೇಳಿದ್ದೂ ಅದೇ ಸಭೆಯಲ್ಲಿ. ಉಕ್ಕಿನ ಕಾರ್ಖಾನೆಗಳ ಆ ಊರಿಗೆ ದುಡ್ಡಿನ ತಂಡ ಸಾಕುವುದು ಇನ್ನು ಸಾಧ್ಯವಿರಲಿಲ್ಲ. ಕ್ಯಾಂಟನ್ ಎರಡು ಸಲ ಲೀಗ್ ಗೆದ್ದು, 1926ರ ಹೊತ್ತಿಗೆ ಅದೂ ಮುಗಿಯಿತು. ಹುಲಿಯೂ ನಾಯಿಯೂ ಯಜಮಾನರಿಲ್ಲದೆ ಉಳಿದವು. ಎರಡನ್ನೂ ಎತ್ತಿಕೊಂಡದ್ದು ಶಾಲೆಗಳು. 1901ರಲ್ಲಿ ಗುಂಡೇಟಿಗೆ ಬಲಿಯಾದ ಅಧ್ಯಕ್ಷನ ಹೆಸರನ್ನು ಕ್ಯಾಂಟನ್ ಹೈಸ್ಕೂಲು ಹೊತ್ತುಕೊಂಡಿತು. ಅಪ್ಪಂದಿರು ಬಾಜಿ ಕಟ್ಟಿ ಆಡಿದ ಜಗಳವನ್ನು ಮಕ್ಕಳು ಪುಸ್ತಕದ ಚೀಲದ ಜೊತೆ ಹೊತ್ತರು.

ಆ ಮಕ್ಕಳಲ್ಲೊಬ್ಬ ಪಾಲ್ ಬ್ರೌನ್. ಮ್ಯಾಸಿಲನ್ ತಂಡದಲ್ಲಿ ಆಡಿದ ಸಣಕಲ ಹುಡುಗ 1932ರಲ್ಲಿ, ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ಅದೇ ಶಾಲೆಯ ಕೋಚ್ ಆಗಿ ಬಂದ. ತಂಡ ಸೋತು ಸುಣ್ಣವಾಗಿತ್ತು. ಬ್ರೌನ್ ಆಟವನ್ನು ಪಾಠ ಮಾಡಿದ. ನೋಟ್‌ಬುಕ್ ಬರೆಸಿದ, ಪರೀಕ್ಷೆ ಇಟ್ಟ, ಕಿರಿಯ ಶಾಲೆಗಳ ಹುಡುಗರಿಗೂ ಅವೇ ಪಟ್ಟುಗಳನ್ನು ಕಲಿಸುವಂತೆ ಮಾಡಿದ. ತಂಡ ಗೆಲ್ಲತೊಡಗಿತು, ಮೆಕಿನ್ಲಿಯ ಎದುರೊಂದು ಬಿಟ್ಟು. 1932, 33, 34 ಮೂರೂ ವರ್ಷ ಕ್ಯಾಂಟನ್‌ನದೇ ಕೈ ಮೇಲು. 1934ರಲ್ಲಂತೂ ಉಳಿದೆಲ್ಲ ಪಂದ್ಯ ಗೆದ್ದು ಬಂದು ಕೊನೆಯದರಲ್ಲಿ ಮುಗ್ಗರಿಸಿದ. ಬೇರೆ ಊರಲ್ಲಾದರೆ ಒಂದೇ ಸೋಲು ಎಂದು ಹಾರ ಹಾಕುತ್ತಿದ್ದರು. 1935ರಲ್ಲಿ 6–0 ಗೆಲುವು. ಆಮೇಲೆ ಅವನು ಇರುವವರೆಗೂ ಮೆಕಿನ್ಲಿ ಗೆಲ್ಲಲಿಲ್ಲ.

ಆ ಗೆಲುವುಗಳ ಹಿಂದಿನ ಊರು ಹೇಗಿತ್ತೆಂದು ಮರೆತರೆ ಇದು ಬರೀ ಅಂಕಪಟ್ಟಿಯಾದೀತು. 1937ರ ಜುಲೈ 11ರ ರಾತ್ರಿ ರಿಪಬ್ಲಿಕ್ ಸ್ಟೀಲ್ ಮುಷ್ಕರದಲ್ಲಿದ್ದ ಕಾರ್ಮಿಕರ ಮೇಲೆ ಮ್ಯಾಸಿಲನ್ನಿನಲ್ಲಿ ಗುಂಡು ಹಾರಿ ಮೂವರು ಸತ್ತರು. ಕಾರ್ಖಾನೆಯ ಗೇಟಿನಲ್ಲಿ ಊರು ಎರಡಾಗಿತ್ತು. ಮೂರು ತಿಂಗಳ ಮೇಲೆ ಅದೇ ಜನ ಒಂದೇ ಗ್ಯಾಲರಿಯಲ್ಲಿ ಒಂದೇ ಬಣ್ಣ ತೊಟ್ಟು ಕೂತಿದ್ದರು. ಇದನ್ನು ಒಗ್ಗಟ್ಟು ಎನ್ನಬೇಕೋ ಮರೆವು ಎನ್ನಬೇಕೋ, ಪಕ್ಕದಲ್ಲಿ ಕೂತವರ ಮುಖ ನೋಡದೆ ಹೇಳಲಾಗದು. ನಿರುದ್ಯೋಗಿಗಳಿಗೆ ಕೆಲಸ ಕೊಡುವ ಸರ್ಕಾರಿ ಯೋಜನೆಯಲ್ಲಿ 1939ರಲ್ಲಿ ಹೊಸ ಕ್ರೀಡಾಂಗಣ ಕಟ್ಟಿದರು. ಕಾಕ್ಸಿ 1894ರಲ್ಲಿ ಕೇಳಿದ್ದೂ ಇಂಥದ್ದನ್ನೇ. ಅವನು ಕೇಳಿದ್ದು ರಸ್ತೆ, ಸಿಕ್ಕಿದ್ದು ಸ್ಟೇಡಿಯಂ. 1940ರ ಸಾಲಿನಲ್ಲಿ ಬ್ರೌನನ ಹುಡುಗರು 477 ಅಂಕ ಗಳಿಸಿ ಬಿಟ್ಟುಕೊಟ್ಟದ್ದು ಆರು. ಆ ಆರನ್ನು ಹೊಡೆದವರು ಮೆಕಿನ್ಲಿಯವರು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಕ್ಯಾಂಟನ್ನಿನ ಎರಕದ ಕಾರ್ಖಾನೆಯ ಕಾರ್ಮಿಕನೊಬ್ಬನ ಮಗ ಮೇರಿಯನ್ ಮಾಟ್ಲಿ, ಜಾರ್ಜಿಯಾದಿಂದ ವಲಸೆ ಬಂದ ಕಪ್ಪು ಜನಾಂಗದ ಹುಡುಗ. ಅವನು ಮೆಕಿನ್ಲಿಗೆ ಆಡಿದ ಕಾಲದಲ್ಲಿ ತಂಡ ಸೋತದ್ದು ಮೂರೇ ಸಲ. ಮೂರೂ ಮ್ಯಾಸಿಲನ್‌ಗೆ. ಎದುರು ಸಾಲಿನಲ್ಲಿ ನಿಂತು ಅವನ ಓಟವನ್ನು ಮೂರು ವರ್ಷ ನೋಡಿದ ಬ್ರೌನ್ ಅದನ್ನು ಮರೆಯಲಿಲ್ಲ. ಯುದ್ಧ ಮುಗಿದು 1946ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಹೊಸ ತಂಡ ಕಟ್ಟಿದಾಗ ಮಾಟ್ಲಿಯನ್ನೂ ಬಿಲ್ ವಿಲ್ಲಿಸ್ ಎಂಬ ಇನ್ನೊಬ್ಬ ಕಪ್ಪು ಆಟಗಾರನನ್ನೂ ಸೇರಿಸಿಕೊಂಡ. ವೃತ್ತಿಪರ ಫುಟ್‌ಬಾಲ್ ಕಪ್ಪು ಜನರಿಗೆ ಸುಮಾರು ಹನ್ನೆರಡು ವರ್ಷ ಮುಚ್ಚಿಟ್ಟಿದ್ದ ಬಾಗಿಲು ಅದು. ಬೇಸ್‌ಬಾಲಿನಲ್ಲಿ ಜ್ಯಾಕಿ ರಾಬಿನ್ಸನ್ ಬಂದದ್ದು ಇನ್ನೂ ಒಂದು ವರ್ಷದ ಮೇಲೆ. ಮ್ಯಾಸಿಲನ್-ಕ್ಯಾಂಟನ್ ಎಣ್ಣೆ-ಸೀಗೆಕಾಯಿ ಎನ್ನುವವರಿಗೆ ನಾನು ತೋರಿಸುವುದು ಬ್ರೌನ್-ಮಾಟ್ಲಿ ಜೋಡಿಯನ್ನು. ಒಬ್ಬರ ಕೈಯಲ್ಲಿ ಸೋಲುತ್ತಲೇ ಇನ್ನೊಬ್ಬರು ಬೆಳೆದದ್ದು ಇಲ್ಲಿ ಮತ್ತೆ ಮತ್ತೆ ಸಿಗುತ್ತದೆ. 1963ರಲ್ಲಿ ವೃತ್ತಿಪರ ಫುಟ್‌ಬಾಲಿನ ಹಾಲ್ ಆಫ್ ಫೇಮ್ ತೆರೆದದ್ದು ಕ್ಯಾಂಟನ್ನಿನಲ್ಲಿ. 1967ರಲ್ಲಿ ಬ್ರೌನನ ಕಂಚಿನ ಪ್ರತಿಮೆ ಅಲ್ಲಿಗೆ ಬಂತು, ಮರುವರ್ಷ ಮಾಟ್ಲಿಯದು. ಮ್ಯಾಸಿಲನ್ ತನ್ನ ಅತಿ ದೊಡ್ಡ ಮಗನ ಮೂರ್ತಿ ನೋಡಲು ಟಿಕೆಟ್ ಕೊಂಡು ಕ್ಯಾಂಟನ್‌ಗೆ ಹೋಗಬೇಕು.

ಪಂದ್ಯದ ದಿನ ಮೊದಲು ಕಿವಿಗೆ ಬೀಳುವುದು ಬ್ಯಾಂಡು. ಟೈಗರ್ ಸ್ವಿಂಗ್ ಬ್ಯಾಂಡನ್ನು 1938ರಲ್ಲಿ ಜಾರ್ಜ್ ಬರ್ಡ್ ಕಟ್ಟಿದ. ಅದುವರೆಗೆ ಶಾಲೆಯ ಬ್ಯಾಂಡೆಂದರೆ ಸೈನಿಕರ ಕವಾಯತಿನಂತೆ ನೆಟ್ಟಗೆ ನಡೆಯುವುದು. ಇವನು ಅದಕ್ಕೆ ಜಾಸ್ ಕಲಿಸಿ, ಕುಣಿತ ಸೇರಿಸಿ, ತಮಾಷೆಯ ಪ್ರಸಂಗಗಳನ್ನು ಹೆಣೆದ. ಹಿತ್ತಾಳೆ ತುತ್ತೂರಿಗಳ ತುದಿ ಒಮ್ಮೆಗೇ ಆಕಾಶಕ್ಕೆ ಎದ್ದು ‘ಟೈಗರ್ ರ್ಯಾಗ್’ ಶುರುವಾದರೆ ಗ್ಯಾಲರಿಯ ಅಷ್ಟೂ ಜನ ಎದ್ದು ನಿಲ್ಲುತ್ತಾರೆ. ಟ್ರೊಂಬೋನಿನ ಕೊಳವೆ ಜಾರಿದಾಗೆಲ್ಲ ಹುಲಿ ಗುರುಗುಟ್ಟಿದ ಸದ್ದು. ಆಮೇಲೆ ಓಬಿಯ ಪ್ರವೇಶ. ಇಂಗ್ಲಿಷಿನಲ್ಲಿ ಕಿತ್ತಳೆ ಮತ್ತು ಕಪ್ಪಿನ ಮೊದಲಕ್ಷರ ಕೂಡಿಸಿ ಇಟ್ಟ ಹೆಸರು. ಹುಲಿಚರ್ಮ ಹೊದ್ದು ತಲೆಯ ಮೇಲೆ ಹುಲಿಯ ಮುಖವಿಟ್ಟುಕೊಂಡ ವಿದ್ಯಾರ್ಥಿ ಬ್ಯಾಂಡಿನ ಮುಂದೆ ಹೆಜ್ಜೆ ಹಾಕುತ್ತಾನೆ. ಮಂಗಳೂರಿನ ಹುಲಿವೇಷ ನೋಡಿದವರಿಗೆ ಅಪರಿಚಿತ ಅನಿಸದು, ತಾಸೆಯ ಪೆಟ್ಟೊಂದು ಕಡಿಮೆ. ದಶಕಗಳ ಕಾಲ ನಿಜವಾದ ಹುಲಿಮರಿಯನ್ನೇ ಬೋನಿನಲ್ಲಿ ತಂದು ಅಂಕಣದ ಅಂಚಿನಲ್ಲಿ ಇಡುತ್ತಿದ್ದರು. 2012ರಲ್ಲಿ ಒಹಾಯೊ ಕಾಡುಪ್ರಾಣಿ ಸಾಕಣೆಯ ಕಾನೂನು ಬಿಗಿಮಾಡಿದ ಮೇಲೆ ಆ ಪದ್ಧತಿಗೆ ತೊಡಕು ಬಂತು. ಇಪ್ಪತ್ತು ಸಾವಿರ ಜನರ ಗದ್ದಲದ ನಡುವೆ ಕೂತ ಮರಿಯ ಪಾಡು ನೆನೆದರೆ, ಆ ತೊಡಕು ಬಂದದ್ದೇ ಒಳ್ಳೆಯದು.

ಇನ್ನೊಂದು ಪದ್ಧತಿ ಹೆರಿಗೆ ವಾರ್ಡಿನದು. ಊರಿನ ಆಸ್ಪತ್ರೆಯಲ್ಲಿ ಗಂಡುಮಗು ಹುಟ್ಟಿದರೆ ಟೈಗರ್ ಬೂಸ್ಟರ್ ಕ್ಲಬ್ಬಿನವರು ಅದರ ತೊಟ್ಟಿಲಲ್ಲಿ ಅಂಗೈಯಗಲದ ಪುಟ್ಟ ಫುಟ್‌ಬಾಲ್ ಇಟ್ಟು ಹೋಗುತ್ತಿದ್ದರು. ಕಣ್ಣು ಬಿಡದ ಕೂಸು, ಬಿಳಿ ಬಟ್ಟೆ, ಮುಷ್ಟಿಯ ಪಕ್ಕದಲ್ಲಿ ಚೆಂಡು. ಎಷ್ಟೋ ಮನೆಗಳ ಆಲ್ಬಮ್ಮಿನ ಮೊದಲ ಫೋಟೊ ಅದು. ಮಗುವಿಗೆ ಹೆಸರಿಡುವ ಮೊದಲೇ ಕೆಲಸ ಕೊಟ್ಟಾಯಿತು.

ಈ ಪ್ರೀತಿಗೆ ಒಂದು ಉಗುರೂ ಇದೆ. 2001ರಲ್ಲಿ ಬಂದ ‘ಗೋ ಟೈಗರ್ಸ್!’ ಸಾಕ್ಷ್ಯಚಿತ್ರದ ನಿರ್ದೇಶಕ ಕೆನೆತ್ ಕಾರ್ಲ್‌ಸನ್ ಮ್ಯಾಸಿಲನ್ನಿನವನೇ. 1999ರ ಸಾಲಿನ ಬೆನ್ನುಹತ್ತಿದ ಆ ಚಿತ್ರದಲ್ಲಿ, ಶಾಲೆಗೆ ಹೆಚ್ಚಿನ ತೆರಿಗೆ ಕೊಡಬೇಕೇ ಬೇಡವೇ ಎಂದು ಊರು ಮತ ಹಾಕುವುದೂ ತಂಡದ ಸೋಲು-ಗೆಲುವೂ ಒಂದಕ್ಕೊಂದು ತಳುಕು ಹಾಕಿಕೊಂಡಿವೆ. ಚೆನ್ನಾಗಿ ಓದುವ ಹುಡುಗನನ್ನೂ ಎಂಟನೇ ಕ್ಲಾಸಿನಲ್ಲಿ ಒಂದು ವರ್ಷ ಹೆಚ್ಚಿಗೆ ಕೂರಿಸಿ, ಮೈ ಬಲಿತ ಮೇಲೆ ಹೈಸ್ಕೂಲಿಗೆ ಕಳಿಸುವ ರೂಢಿಯನ್ನೂ ಅದು ಮುಚ್ಚುಮರೆಯಿಲ್ಲದೆ ತೋರಿಸುತ್ತದೆ. ಫೇಲಾದವರು ತಲೆ ತಗ್ಗಿಸುವ ನಮ್ಮ ಕಡೆಯವರಿಗೆ ಇದು ಒಗಟು. ಅಲ್ಲಿ ಅದು ಅಪ್ಪ ಅಮ್ಮ ಕೂತು ಹಾಕಿದ ಲೆಕ್ಕ. ಹುಡುಗನ ಒಂದು ವರ್ಷವನ್ನು ಊರಿಗೆ ಮುಡಿಪಿಡುವ ಹಕ್ಕು ಅವರಿಗೆ ಯಾರು ಕೊಟ್ಟರೋ, ಚಿತ್ರ ಮುಗಿದ ಮೇಲೂ ನನ್ನನ್ನು ಕಾಡಿದ ಪ್ರಶ್ನೆ ಇದೊಂದೇ.

1994ರಲ್ಲಿ ನೂರನೆಯ ಪಂದ್ಯ. ನಿಗದಿತ ಸಮಯ ಮುಗಿದರೂ ಸಮಸಮ. ಹೆಚ್ಚುವರಿ ಆಟದಲ್ಲಿ ಮ್ಯಾಸಿಲನ್ 42, ಮೆಕಿನ್ಲಿ 41. ನೂರು ವರ್ಷದ ಲೆಕ್ಕದಲ್ಲಿ ಒಂದೇ ಅಂಕ. ಆದರೆ ಆ ದಶಕದ ಕೊನೆಯ ಮಾತು ಕ್ಯಾಂಟನ್‌ನದು. 1997 ಮತ್ತು 98ರಲ್ಲಿ ಮೆಕಿನ್ಲಿ ರಾಜ್ಯ ಚಾಂಪಿಯನ್ ಆಯಿತು, 1981ರದ್ದು ಸೇರಿ ಮೂರು. ಇಲ್ಲೊಂದು ತಕರಾರು ಇದೆ. ಒಹಾಯೊದಲ್ಲಿ ನಾಕೌಟ್ ಪಂದ್ಯ ಆಡಿಸಿ ಚಾಂಪಿಯನ್ ಆರಿಸತೊಡಗಿದ್ದು 1972ರಿಂದ. ಅದಕ್ಕೂ ಮುಂಚೆ ಪತ್ರಕರ್ತರೇ ಮುಂತಾದವರು ಮತ ಹಾಕಿಯೋ ಅಂದಾಜಿಸಿಯೋ ಹೇಳುತ್ತಿದ್ದರು. ಹಾಗೆ ಬಂದ ಇಪ್ಪತ್ತನಾಲ್ಕು ಕಿರೀಟ ಮ್ಯಾಸಿಲನ್ ಬಳಿ ಇದ್ದವು. ಆಡಿ ಗೆದ್ದದ್ದು ಒಂದೂ ಇರಲಿಲ್ಲ. ಮತ್ತೆ ಮತ್ತೆ ಫೈನಲ್‌ವರೆಗೆ ಹೋಗಿ ಬರಿಗೈಯಲ್ಲಿ ವಾಪಸಾಗುತ್ತಿದ್ದರು.

ಊರುಗಳು ಅಷ್ಟರಲ್ಲಿ ಸೊರಗಿದ್ದವು. 1950ರಲ್ಲಿ ಒಂದು ಲಕ್ಷ ಹದಿನಾರು ಸಾವಿರ ದಾಟಿದ್ದ ಕ್ಯಾಂಟನ್ ಜನಸಂಖ್ಯೆ 2020ಕ್ಕೆ ಎಪ್ಪತ್ತು ಸಾವಿರಕ್ಕಿಳಿಯಿತು. ವ್ಯಾಕ್ಯೂಮ್ ಕ್ಲೀನರಿಗೆ ಜಗತ್ತಿನಲ್ಲೇ ಹೆಸರಾಗಿದ್ದ ಪಕ್ಕದ ಹೂವರ್ ಕಾರ್ಖಾನೆ 2007ರಲ್ಲಿ ಮುಚ್ಚಿತು. ಮ್ಯಾಸಿಲನ್ನಿನ ಆಸ್ಪತ್ರೆ 2018ರಲ್ಲಿ ಬಾಗಿಲು ಹಾಕಿತು. ದೊಡ್ಡ ಆಸ್ಪತ್ರೆಗಳಿರುವುದು ಎಂಟು ಮೈಲಿ ಪೂರ್ವಕ್ಕೆ. ಹೆರಿಗೆ ನೋವು ಬಂದ ಮ್ಯಾಸಿಲನ್ ಹೆಂಗಸು ಕೆಂಪು-ಕಪ್ಪಿನ ಊರಿಗೇ ಕಾರು ಓಡಿಸಬೇಕು. ಹುಲಿಮರಿಯ ಜನನ ಪ್ರಮಾಣಪತ್ರದಲ್ಲಿ ಊರು: ಕ್ಯಾಂಟನ್.

2023ರಲ್ಲಿ ಮ್ಯಾಸಿಲನ್ ಒಂದು ಪಂದ್ಯವನ್ನೂ ಸೋಲದೆ ಫೈನಲ್ ತಲುಪಿತು. ಒಹಾಯೊದ ಫೈನಲ್‌ಗಳು ನಡೆಯುವುದು ಹಾಲ್ ಆಫ್ ಫೇಮ್ ಪಕ್ಕದ ಟಾಮ್ ಬೆನ್ಸನ್ ಕ್ರೀಡಾಂಗಣದಲ್ಲಿ, ಅಂದರೆ ಕ್ಯಾಂಟನ್ನಿನಲ್ಲಿ, ಮೆಕಿನ್ಲಿ ತನ್ನ ತವರೆಂದು ಆಡುವ ಅಂಕಣದಲ್ಲಿ. ನವೆಂಬರ್ 30ರ ರಾತ್ರಿ ಎದುರಾಳಿ ಆಕ್ರನ್ ನಗರದ ಹೋಬನ್ ಶಾಲೆ, ಮ್ಯಾಸಿಲನ್‌ಗೆ ಫೈನಲ್‌ನಲ್ಲಿ ಮೊದಲೂ ಪೆಟ್ಟು ಕೊಟ್ಟ ತಂಡ. ಇಡೀ ಪಂದ್ಯದಲ್ಲಿ ಬಿದ್ದದ್ದು ಒಂದೇ ಟಚ್‌ಡೌನ್, ಅದು ಮ್ಯಾಸಿಲನ್ನಿನದು, 7–2. ಕಿತ್ತಳೆ ಟೋಪಿಯ ಮುದುಕರು ಅಪರಿಚಿತರನ್ನು ತಬ್ಬಿಕೊಂಡರು. ಆಮೇಲೆ ಕಾರುಗಳ ಸಾಲು ಹಾರ್ನ್ ಹೊಡೆಯುತ್ತ ಪಶ್ಚಿಮಕ್ಕೆ ಹೊರಟಿತು.

ಮ್ಯಾಸಿಲನ್ನಿನವರ ಎಣಿಕೆಯಲ್ಲಿ ಇದು ಇಪ್ಪತ್ತೈದನೆಯ ಕಿರೀಟ. ಕ್ಯಾಂಟನ್ನಿನವರು ಅದನ್ನು ಮೊದಲನೆಯದೆಂದೇ ಎಣಿಸುತ್ತಾರೆ, ತಮ್ಮದು ಮೂರು ಎಂದು ಸೇರಿಸುವುದನ್ನೂ ಮರೆಯುವುದಿಲ್ಲ.